ನಾಮಪದಕ್ಕೆ ಕ್ರಿಯಾಪದದ ವೇಷ

ಇಂಗ್ಲಿಷಿನ ತಾಂತ್ರಿಕ ಬರವಣಿಗೆಗೆ ಒಂದು ಪಿಡುಗು ಅಂಟಿಕೊಂಡಿದೆ. ಯಂತ್ರಗಳ ಕೈಪಿಡಿ, ಕಂಪ್ಯೂಟರ್ ತಂತ್ರಾಂಶದ ವಿವರಣೆ, ಕಾರ್ಖಾನೆಯ ಸೂಚನಾಪತ್ರ, ಯಾವುದನ್ನು ತೆಗೆದು ನೋಡಿದರೂ ನಾಮಪದಗಳು ಸಾಲುಸಾಲಾಗಿ ಕ್ರಿಯಾಪದದ ವೇಷ ಕಟ್ಟಿ ನಿಂತಿರುತ್ತವೆ. ಅಲ್ಲಿ ಯಾರೂ ಸಮಸ್ಯೆಯನ್ನು ಬಿಡಿಸುವುದಿಲ್ಲ, ‘ಸಲ್ಯೂಷನ್ನಿಸು’ತ್ತಾರೆ. ಹೇಳಿದ ಕೆಲಸವನ್ನು ಮಾಡುವುದಿಲ್ಲ, ‘ಆಕ್ಷನ್ನಿಸು’ತ್ತಾರೆ. ಒಂದು ಯಂತ್ರವನ್ನು ಇನ್ನೊಂದಕ್ಕೆ ಜೋಡಿಸುವುದಿಲ್ಲ, ‘ಇಂಟರ್‌ಫೇಸಿಸು’ತ್ತಾರೆ. ಇರುವ ಸಲಕರಣೆಯನ್ನು ಬಳಸುವುದಿಲ್ಲ; ‘ಲೆವರೇಜಿಸು’ತ್ತಾರೆ. ವಾಚಕರಿಗೆ ತಿಳಿಯಲೆಂದು ನಾನು ಇಲ್ಲಿ ‘ಇಸು’ ಎಂಬ ಬಾಲವನ್ನು ಅಂಟಿಸಿದ್ದೇನೆ. ಇಂಗ್ಲಿಷಿನಲ್ಲಿ ಆ ಬಾಲವೂ ಇಲ್ಲ. ನಾಮಪದ ಉಟ್ಟ ಬಟ್ಟೆಯಲ್ಲೇ ಬಂದು ಕ್ರಿಯಾಪದದ ಮಣೆಯ ಮೇಲೆ ಕುಳಿತುಬಿಡುತ್ತದೆ.

ಇಂಗ್ಲಿಷರ ಮನೆಯ ಈ ಜಗಳವನ್ನು ಕನ್ನಡ ಪತ್ರಿಕೆಯಲ್ಲಿ ಏಕೆ ತೆಗೆಯಬೇಕು ಎಂದು ಕೇಳುವವರು ಉಂಟು. ಉತ್ತರ ಸುಲಭ. ಈ ಬಗೆಯ ಇಂಗ್ಲಿಷು ಇಂದು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಮಾತ್ರ ತಯಾರಾಗುತ್ತಿಲ್ಲ; ನಮ್ಮ ಬೆಂಗಳೂರಿನ ಕಚೇರಿಗಳಲ್ಲಿಯೂ ದಿನಬೆಳಗಾದರೆ ತಯಾರಾಗುತ್ತಿದೆ. ಅದನ್ನು ಓದುವವರಲ್ಲಿಯೂ ಬಹುಮಂದಿ ಇಂಗ್ಲಿಷನ್ನು ತಾಯಿಯಿಂದ ಕಲಿತವರಲ್ಲ, ಮೇಷ್ಟರಿಂದ ಕಲಿತವರು. ಬರೆಯುವವರೂ ಓದುವವರೂ ನಾವೇ ಆದಮೇಲೆ ಅದರ ಗುಣದೋಷಗಳನ್ನು ಎತ್ತಿ ಆಡುವ ಹಕ್ಕು ನಮಗೆ ಇಲ್ಲದೆ ಹೋಗುವುದು ಹೇಗೆ?

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾಮಪದ ಕ್ರಿಯಾಪದವಾಗಲೇಬಾರದು ಎಂಬ ಮಡಿವಂತಿಕೆ ನನ್ನದಲ್ಲ. ಆ ಮಡಿ ಹಿಡಿದವರೆಲ್ಲ ಸೋತಿದ್ದಾರೆ. ಬೆಂಜಮಿನ್ ಫ್ರಾಂಕ್ಲಿನ್ ತೀರಿಕೊಳ್ಳುವ ನಾಲ್ಕು ತಿಂಗಳ ಮುಂಚೆ, 1789ರ ಡಿಸೆಂಬರಿನಲ್ಲಿ, ನಿಘಂಟುಕಾರ ನೋವಾ ವೆಬ್‌ಸ್ಟರನಿಗೆ ಒಂದು ಪತ್ರ ಬರೆದ. ‘ನೋಟೀಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಎಂಬ ನಾಮಪದಗಳನ್ನು ಜನ ಕ್ರಿಯಾಪದ ಮಾಡಿಕೊಂಡಿದ್ದಾರೆ, ನೀವು ನಿಮ್ಮ ಅಧಿಕಾರವನ್ನು ಬಳಸಿ ಇದನ್ನು ಖಂಡಿಸಬೇಕು ಎಂದು ಅದರಲ್ಲಿ ಕೇಳಿಕೊಂಡಿದ್ದ. ಇಂದು ಆ ಮೂರೂ ಕ್ರಿಯಾಪದಗಳು ನಿಘಂಟಿನಲ್ಲಿ ನೆಮ್ಮದಿಯಾಗಿ ಇವೆ. 1959ರಲ್ಲಿ ಸ್ಟ್ರಂಕ್ ಮತ್ತು ವೈಟ್ ಅವರ ಪ್ರಸಿದ್ಧ ಕೈಹೊತ್ತಗೆ ‘ಕಾಂಟ್ಯಾಕ್ಟ್’ ಎಂಬುದನ್ನು ಕ್ರಿಯಾಪದವಾಗಿ ಬಳಸಬೇಡಿ ಎಂದಿತು. ಯಾರೂ ಕೇಳಲಿಲ್ಲ. 2006ರಲ್ಲಿ ‘ಗೂಗಲ್’ ಎಂಬ ಹೆಸರು ಕ್ರಿಯಾಪದವಾಗಿ ಆಕ್ಸ್‌ಫರ್ಡ್ ನಿಘಂಟನ್ನೇ ಹೊಕ್ಕಿತು.

ಇದು ಇಂಗ್ಲಿಷಿನ ಹುಟ್ಟುಗುಣವಲ್ಲ, ನಡುವೆ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ಪ್ರೀತಿ ಎಂಬ ನಾಮಪದಕ್ಕೆ ‘ಲುಫು’, ಪ್ರೀತಿಸು ಎಂಬ ಕ್ರಿಯಾಪದಕ್ಕೆ ‘ಲುಫಿಯನ್’ ಎಂಬ ಬೇರೆ ಬೇರೆ ರೂಪಗಳಿದ್ದವು. ಕಾಲಕ್ರಮದಲ್ಲಿ ಪ್ರತ್ಯಯಗಳು ಸವೆದುಹೋಗಿ ಎರಡೂ ‘ಲವ್’ ಎಂಬ ಒಂದೇ ರೂಪಕ್ಕೆ ಇಳಿದವು. ಬಾಗಿಲಿನ ಅಗಳಿ ಬಿದ್ದುಹೋದ ಮೇಲೆ ಒಳಗಿನವರು ಹೊರಗೆ, ಹೊರಗಿನವರು ಒಳಗೆ ಓಡಾಡುವುದು ಸಹಜವೇ. ಷೇಕ್ಸ್‌ಪಿಯರ್ ‘ಎರಡನೆಯ ರಿಚರ್ಡ್’ ನಾಟಕದಲ್ಲಿ ‘ಅಂಕಲ್’ ಎಂಬ ನಂಟಿನ ಹೆಸರನ್ನೇ ಕ್ರಿಯಾಪದ ಮಾಡಿದ್ದಾನೆ. ಅಲ್ಲಿ ಅದು ಸೊಗಸು. ಬಾಟಲಿಗೆ ತುಂಬುವುದಕ್ಕೆ ‘ಬಾಟಲ್’, ಸುತ್ತಿಗೆಯಿಂದ ಬಡಿಯುವುದಕ್ಕೆ ‘ಹ್ಯಾಮರ್’ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ.

ಹಾಗಾದರೆ ನನ್ನ ತಕರಾರು ಯಾವುದು? ಮಾತಿಗೂ ನಾಟಕಕ್ಕೂ ಸಲ್ಲುವ ಈ ಸಲಿಗೆ ತಾಂತ್ರಿಕ ಬರವಣಿಗೆಗೆ ಸಲ್ಲುವುದಿಲ್ಲ ಎಂಬುದೇ ನನ್ನ ವಾದ.

1979ರಲ್ಲಿ ಈವ್ ಕ್ಲಾರ್ಕ್ ಮತ್ತು ಹರ್ಬರ್ಟ್ ಕ್ಲಾರ್ಕ್ ಎಂಬ ಇಬ್ಬರು ವಿದ್ವಾಂಸರು ‘ಲ್ಯಾಂಗ್ವೇಜ್’ ಎಂಬ ಪತ್ರಿಕೆಯಲ್ಲಿ ಈ ವಿಷಯವನ್ನು ಕುರಿತು ದೀರ್ಘವಾದ ಲೇಖನ ಬರೆದರು. ಸಾವಿರಕ್ಕೂ ಮೇಲ್ಪಟ್ಟ ಇಂಥ ಕ್ರಿಯಾಪದಗಳನ್ನು ಸಂಗ್ರಹಿಸಿ ವಿಂಗಡಿಸಿ ಅವರು ತೋರಿಸಿಕೊಟ್ಟ ಸಂಗತಿ ಇದು: ಹೊಸದಾಗಿ ಕ್ರಿಯಾಪದವಾದ ನಾಮಪದದ ಅರ್ಥ ಪದದೊಳಗೆ ಪೂರ್ತಿ ಇರುವುದಿಲ್ಲ, ಹೇಳುವವನಿಗೂ ಕೇಳುವವನಿಗೂ ಸಮಾನವಾಗಿ ತಿಳಿದಿರುವ ಸಂಗತಿಗಳಿಂದ ಕೇಳುವವನು ಅದನ್ನು ಊಹಿಸಿಕೊಳ್ಳುತ್ತಾನೆ. ಒಂದೇ ಕೋಣೆಯಲ್ಲಿ ಹತ್ತು ವರ್ಷ ಕೂತು ಕೆಲಸ ಮಾಡಿದ ಇಬ್ಬರು ಎಂಜಿನಿಯರುಗಳ ನಡುವೆ ಅರ್ಧ ಪದವೂ ಸಾಕು, ಕಣ್ಸನ್ನೆಯೂ ಸಾಕು. ಕೈಪಿಡಿಯ ಸ್ಥಿತಿ ಹಾಗಲ್ಲ. ಅದನ್ನು ಬರೆದವನು ಎಲ್ಲಿಯೋ, ಓದುವವನು ಎಲ್ಲಿಯೋ. ಓದುವವನು ಎದುರಿಗೆ ಇಲ್ಲ, ತಿಳಿಯದಿದ್ದರೆ ಕೇಳುವಂತಿಲ್ಲ. ಅವನ ಒಂದು ಕೈಯಲ್ಲಿ ಸ್ಪ್ಯಾನರ್ ಇದೆ, ಮುಂದೆ ಬಿಚ್ಚಿದ ಯಂತ್ರವಿದೆ. ಇಬ್ಬರಿಗೂ ಸಮಾನವಾದದ್ದು ಆ ಕಾಗದ ಒಂದೇ. ಊಹೆಗೆ ಆಸರೆಯೇ ಇಲ್ಲದ ಕಡೆ ಊಹಿಸಿಕೋ ಎಂದು ಬಿಟ್ಟುಬಿಡುವುದು ಬರಹಗಾರನ ಸೋಮಾರಿತನ ಎನ್ನದೆ ವಿಧಿಯಿಲ್ಲ.

ಊಹೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚರ್ಚಿಲ್ ಅವರ ಎರಡನೆಯ ಮಹಾಯುದ್ಧದ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ಬ್ರಿಟಿಷ್ ಸೇನಾಧಿಕಾರಿಗಳು ಒಂದು ಪತ್ರವನ್ನು ತುರ್ತಾಗಿ ಚರ್ಚೆಗೆ ತರಬೇಕೆಂದು, ಅದನ್ನು ‘ಟೇಬಲ್’ ಮಾಡುತ್ತೇವೆ ಎಂದರು. ಅಮೆರಿಕನ್ ಅಧಿಕಾರಿಗಳು ಬೇಡವೇ ಬೇಡ ಎಂದು ಪಟ್ಟು ಹಿಡಿದರು. ಇಬ್ಬರಿಗೂ ಬೇಕಾಗಿದ್ದುದು ಒಂದೇ! ಆದರೆ ಬ್ರಿಟನ್ನಿನಲ್ಲಿ ‘ಟೇಬಲ್’ ಮಾಡು ಎಂದರೆ ಚರ್ಚೆಗೆ ಮೇಜಿನ ಮೇಲೆ ಇಡು, ಅಮೆರಿಕದಲ್ಲಿ ಬದಿಗಿಡು. ಇಬ್ಬರ ತಾಯಿನುಡಿಯೂ ಇಂಗ್ಲಿಷೇ, ಇಬ್ಬರೂ ಎದುರುಬದುರು ಕುಳಿತವರೇ. ಆದರೂ ಜಗಳ ಬಹಳ ಹೊತ್ತು ನಡೆಯಿತಂತೆ. ಮೇಜು ಎಂಬ ವಸ್ತುವಿನ ಹೆಸರನ್ನಷ್ಟೇ ಹೇಳಿ, ಆ ಮೇಜಿನ ವಿಷಯದಲ್ಲಿ ಮಾಡುವುದೇನು ಎಂಬುದನ್ನು ಹೇಳದೆ ಬಿಟ್ಟುದರ ಫಲ ಇದು. ‘ಡಸ್ಟ್’ ಎಂಬ ಮಾತೂ ಹೀಗೆಯೇ. ಕಪಾಟಿನ ಮಟ್ಟಿಗೆ ಅದು ಧೂಳು ಒರೆಸು. ಬೆಳೆಯ ಮಟ್ಟಿಗೆ ಪುಡಿ ಉದುರಿಸು. ಒಂದರಲ್ಲಿ ತೆಗೆಯಬೇಕು, ಇನ್ನೊಂದರಲ್ಲಿ ಹಾಕಬೇಕು.

ತಾಂತ್ರಿಕ ಬರವಣಿಗೆಯಲ್ಲಿ ಈ ತೊಡಕು ಇನ್ನೂ ಬಿಗಿಯಾಗುತ್ತದೆ. ಅಲ್ಲಿ ವಾಕ್ಯಗಳನ್ನು ತಂತಿ ಸಮಾಚಾರದಂತೆ ಕತ್ತರಿಸಿ ಬರೆಯುವ ರೂಢಿಯಿದೆ. ಪಟ್ಟಿಯೊಂದರಲ್ಲಿ ‘ಚೆಕ್ ವಾಲ್ವ್’ ಎಂದು ಎರಡೇ ಪದ ಇದೆ ಎನ್ನಿ. ವಾಲ್ವನ್ನು ಪರೀಕ್ಷಿಸು ಎಂಬ ಅಪ್ಪಣೆಯೇ ಅದು? ಅಥವಾ ಒಂದು ವಸ್ತುವಿನ ಹೆಸರೇ? ಏಕೆಂದರೆ ‘ಚೆಕ್ ವಾಲ್ವ್’ ಎಂಬ ಹೆಸರಿನ ವಸ್ತುವೇ ಇದೆ. ಮೇಲೇರಿದ ನೀರು ಹಿಂದಕ್ಕೆ ಹರಿಯದಂತೆ ತಡೆಯಲು ಪಂಪಿನ ಕೊಳವೆಗೆ ಹಾಕುವ, ನಮ್ಮವರು ನಾನ್ ರಿಟರ್ನ್ ವಾಲ್ವ್ ಎನ್ನುವ ಭಾಗ ಅದು. ‘ಟೆಸ್ಟ್ ಸ್ವಿಚ್’, ‘ಡ್ರೇನ್ ವಾಲ್ವ್’ ಮುಂತಾದವುಗಳ ಪಾಡೂ ಇದೇ. ಹೆಸರೋ ಅಪ್ಪಣೆಯೋ ತಿಳಿಯದ ಮಾತನ್ನು ಅಪ್ಪಣೆಯ ಪಟ್ಟಿಯಲ್ಲಿ ಇಡುವುದು ಎಂಥ ವಿವೇಕ?

ವಿಮಾನ ಉದ್ಯಮದವರು ಈ ಅಪಾಯವನ್ನು ಎಂದೋ ಅರಿತರು. ವಿಮಾನದ ದುರಸ್ತಿ ಕೈಪಿಡಿಗಳು ಇಂಗ್ಲಿಷಿನಲ್ಲಿರುತ್ತವೆ. ದುರಸ್ತಿ ಮಾಡುವವರು ಲೋಕದ ನಾನಾ ಭಾಷೆಗಳವರು. ಆದ್ದರಿಂದ ಯುರೋಪಿನ ವಿಮಾನ ಉದ್ಯಮ ಕೈಪಿಡಿಗಳಿಗಾಗಿಯೇ ಒಂದು ಸರಳ ಇಂಗ್ಲಿಷನ್ನು ರೂಪಿಸಿತು. ಅದರ ನಿಯಮಗಳ ಪುಸ್ತಕ 1986ರಲ್ಲಿ ಹೊರಬಂತು; 2005ರಲ್ಲಿ ‘ಎಎಸ್‌ಡಿ-ಎಸ್‌ಟಿಇ100’ ಎಂಬ ಹೆಸರು ಪಡೆಯಿತು. ಒಂದು ಪದಕ್ಕೆ ಒಂದೇ ಅರ್ಥ, ಒಂದೇ ವ್ಯಾಕರಣವರ್ಗ ಎಂಬುದು ಅದರ ಬುನಾದಿ. ‘ಟೆಸ್ಟ್’ ಎಂಬುದನ್ನು ನಾಮಪದವೆಂದೇ ಕಟ್ಟುಹಾಕಿದರು. ‘ಟೆಸ್ಟ್’ ನಡೆಸಿ ಎನ್ನಬೇಕು, ‘ಟೆಸ್ಟಿ’ಸಿ ಎನ್ನುವಂತಿಲ್ಲ. ಎಣ್ಣೆ ಎಂಬ ಅರ್ಥದ ‘ಆಯಿಲ್’ ಕೂಡ ನಾಮಪದವೇ. ಎಣ್ಣೆ ಸವರಿ ಎಂದು ಬಿಡಿಸಿ ಹೇಳಬೇಕು. ಇದು ಭಾಷಾಮಡಿವಂತರ ಕಟ್ಟಳೆಯಲ್ಲ. ನಟ್ಟು ಬೋಲ್ಟುಗಳ ಜೊತೆ ಹೆಣಗುವ ಜನ, ಪ್ರಾಣದ ಪ್ರಶ್ನೆ ಎಂದು ತಿಳಿದು ಮಾಡಿಕೊಂಡ ಕಟ್ಟಳೆ.

ಇನ್ನೊಂದು ಬಗೆಯ ಕೇಡೂ ಇದೆ. ಕೆಲವು ವೇಷಧಾರಿ ಪದಗಳು ಗೊಂದಲ ಹುಟ್ಟಿಸುವುದಿಲ್ಲ. ಏನನ್ನೂ ಹೇಳುವುದೇ ಇಲ್ಲ. ತಂತ್ರಾಂಶದಲ್ಲಿ ಮಾಡಿದ ಈ ಬದಲಾವಣೆ ಹಣ ಪಾವತಿಯ ಭಾಗವನ್ನು ‘ಇಂಪ್ಯಾಕ್ಟ್’ ಮಾಡುತ್ತದೆ ಎಂದು ಬರೆಯುತ್ತಾರೆ. ಏನು ಮಾಡುತ್ತದೆ ಸ್ವಾಮಿ? ನಿಲ್ಲಿಸುತ್ತದೆಯೇ, ನಿಧಾನಿಸುತ್ತದೆಯೇ, ಒಂದು ರೂಪಾಯಿಯನ್ನು ಎರಡು ಸಲ ಕಡಿಯುತ್ತದೆಯೇ? ‘ಇಂಪ್ಯಾಕ್ಟ್’ ಕ್ರಿಯಾಪದವಾಗಿ 17ನೆಯ ಶತಮಾನದಲ್ಲೇ ಇತ್ತಲ್ಲ ಎಂದು ಪಂಡಿತರು ನೆನಪಿಸಬಹುದು. ಇತ್ತು. ಆಗ ಅದಕ್ಕೆ ಅದುಮಿ ಒತ್ತು ಎಂಬ ಖಚಿತವಾದ ಅರ್ಥವಿತ್ತು. ದವಡೆಯಲ್ಲಿ ಸಿಕ್ಕಿಕೊಂಡ ಹಲ್ಲಿಗೆ ದಂತವೈದ್ಯರು ಇಂದಿಗೂ ಆ ಅರ್ಥದಲ್ಲೇ ಬಳಸುತ್ತಾರೆ. ನಮ್ಮ ವರದಿಕಾರರಿಗೆ ಬೇಕಾದದ್ದು ಆ ಖಚಿತತೆಯಲ್ಲ, ನುಣುಚಿಕೊಳ್ಳುವ ಅನುಕೂಲ. ಕೆಟ್ಟಿತು ಎಂದರೆ ಯಾರು ಕೆಡಿಸಿದರು ಎಂಬ ಪ್ರಶ್ನೆ ಹುಟ್ಟುತ್ತದೆ. ‘ಇಂಪ್ಯಾಕ್ಟ್’ ಆಯಿತು ಎಂದರೆ ಹುಟ್ಟುವುದಿಲ್ಲ.

‘ಸಲ್ಯೂಷನ್’ ಎಂಬುದರ ಕಥೆ ಇನ್ನೂ ತಮಾಷೆ. ಬಿಡಿಸು ಎಂಬ ಅರ್ಥದ ‘ಸಾಲ್ವ್’ ಎಂಬ ಒಳ್ಳೆಯ ಕ್ರಿಯಾಪದವಿತ್ತು. ಅದಕ್ಕೆ ಸಂಬಂಧಪಟ್ಟ ನಾಮಪದ ‘ಸಲ್ಯೂಷನ್’. ಈಗ ಆ ನಾಮಪದವನ್ನೇ ಮತ್ತೆ ಕ್ರಿಯಾಪದ ಮಾಡಿದ್ದಾರೆ. ‘ಲೆವರ್’ ಎಂದರೆ ಸನ್ನೆಗೋಲು. ಅದರಿಂದ ಮೀಟುವುದಕ್ಕೂ ‘ಲೆವರ್’ ಎನ್ನಬಹುದಿತ್ತು. ಅದರಿಂದ ‘ಲೆವರೇಜ್’ ಎಂಬ ನಾಮಪದ ಹುಟ್ಟಿ, ಅದು ಮತ್ತೆ ಕ್ರಿಯಾಪದವಾಗಿ, ಕೊನೆಗೆ ಹೇಳುವುದು ಏನನ್ನು? ‘ಬಳಸು’ ಎಂಬುದನ್ನು! ಕೊಂಕಣ ಸುತ್ತಿದವನು ಮೈಲಾರಕ್ಕಾದರೂ ಬಂದ. ಇವರು ಕೊಂಕಣ ಸುತ್ತಿ ತಮ್ಮ ಮನೆಯ ಹಿತ್ತಿಲಿಗೇ ಬಂದು ನಿಂತಿದ್ದಾರೆ.

ಈಗ ನಮ್ಮ ಭಾಷೆಯ ಕಡೆಗೆ ನೋಡೋಣ. ಕನ್ನಡವೂ ನಾಮಪದದಿಂದ ಕ್ರಿಯಾಪದ ಮಾಡಿಕೊಳ್ಳುತ್ತದೆ, ಧಾರಾಳವಾಗಿಯೇ ಮಾಡಿಕೊಳ್ಳುತ್ತದೆ. ಆದರೆ ಗುರುತು ಹಚ್ಚಿ ಮಾಡಿಕೊಳ್ಳುತ್ತದೆ. ಗಮನ ‘ಗಮನಿಸು’ ಆಗುತ್ತದೆ, ಚಿಂತೆ ‘ಚಿಂತಿಸು’ ಆಗುತ್ತದೆ. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೇ ಒಂದು ಪ್ರಕರಣವನ್ನು ಮೀಸಲಿಟ್ಟದ್ದು ವೃಥಾ ಅಲ್ಲ. ಹೊರಗಿನಿಂದ ಬಂದ ಪದಕ್ಕೂ ಇದೇ ಉಪಚಾರ. ಅಮೆರಿಕದ ಒಂದು ಕಂಪೆನಿಯ ಹೆಸರು ಇಂಗ್ಲಿಷಿನಲ್ಲಿ ತಾನೇ ಕ್ರಿಯಾಪದವಾಯಿತು. ನಮ್ಮ ಬೀದಿಯಲ್ಲಿ ಅದು ‘ಜೆರಾಕ್ಸ್ ಮಾಡು’, ‘ಜೆರಾಕ್ಸ್ ಮಾಡಿಸು’ ಎಂದಾಯಿತು. ಅಂಗಡಿಯವನು ಮಾಡುತ್ತಾನೆ, ನಾನು ಮಾಡಿಸುತ್ತೇನೆ. ಮಾಡುವವರು ಯಾರು, ಮಾಡಿಸುವವರು ಯಾರು ಎಂಬುದು ಕ್ರಿಯಾಪದದಲ್ಲೇ ಇದೆ. ಇಂಗ್ಲಿಷಿನ ‘ಜೆರಾಕ್ಸ್’ ಇದನ್ನು ಹೇಳಲಾರದು. ಓದು, ಹಾಡು, ನಗು ಇವು ಕನ್ನಡದಲ್ಲೂ ಎರಡೂ ಆಗುತ್ತವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಗುತ್ತವೆ. ಆದರೆ ‘ಹಾಡನ್ನು ಹಾಡಿದಳು’ ಎಂಬಲ್ಲಿ ಯಾವುದು ಯಾವುದೆಂದು ಎಳೆಯ ಮಗುವಿಗೂ ಸಂದೇಹವಿಲ್ಲ. ವಿಭಕ್ತಿ ಒಂದಕ್ಕೆ, ಕಾಲಪ್ರತ್ಯಯ ಇನ್ನೊಂದಕ್ಕೆ ಕಾವಲಿದೆ.

ಈ ವ್ಯತ್ಯಾಸದಿಂದ ಹುಟ್ಟುವ ಕಷ್ಟ ಕನ್ನಡಕ್ಕೆ ತರ್ಜುಮೆ ಮಾಡುವವರ ತಲೆಯ ಮೇಲೆ ಬಂದು ಬೀಳುತ್ತದೆ. ಮೊಬೈಲಿನ ತೆರೆಯ ಮೇಲಿನ ಗುಂಡಿಗಳ ಪದಗಳನ್ನು ಒಂದೊಂದಾಗಿ ಬಿಡಿಸಿ ಅನುವಾದಕನ ಮುಂದೆ ಇಡುತ್ತಾರೆ. ‘ಆರ್ಡರ್’ ಎಂದಿದೆ. ನಾವು ಕೊಟ್ಟ ಬೇಡಿಕೆಯೇ, ಬೇಡಿಕೆ ಕೊಡಿ ಎಂಬ ಸೂಚನೆಯೇ, ಅಲ್ಲ, ಒಂದರ ಮುಂದೊಂದು ಜೋಡಿಸುವ ಕ್ರಮವೇ? ಇಂಗ್ಲಿಷಿಗೆ ಒಂದೇ ಪದ ಸಾಕು, ಕನ್ನಡ ಆರಿಸಿಕೊಳ್ಳಲೇಬೇಕು. ತಂತ್ರಾಂಶಗಳ ಅನುವಾದಕ್ಕೆ ಬಳಸುವ ‘ಗೆಟ್‌ಟೆಕ್ಸ್ಟ್’ ಎಂಬ ಏರ್ಪಾಡಿನಲ್ಲಿ ಪದದ ಜೊತೆಗೆ ಅದರ ಸಂದರ್ಭವನ್ನು ಬರೆದಿಡಲು ಸ್ಥಳವಿದೆ. ಅದನ್ನು ತುಂಬುವ ಸೌಜನ್ಯ ಬರೆಯುವವನಿಗೆ ಇರಬೇಕು. ಅವನು ತುಂಬದೆ ಬಿಟ್ಟ ಜಾಗದಲ್ಲಿ ಅನುವಾದಕ ಕಣಿ ಹೇಳಬೇಕಾಗುತ್ತದೆ. ಕಣಿ ತಪ್ಪಿದರೆ, ಕನ್ನಡ ಅನುವಾದವೇ ಹೀಗೆ, ಅರ್ಥವಾಗುವುದಿಲ್ಲ ಎಂಬ ಅಪಕೀರ್ತಿ ಮಾತ್ರ ನಮ್ಮ ಭಾಷೆಗೆ.

ಹೀಗೆ ಬರೆದರೆ ಸಂಕ್ಷೇಪವಾಗುತ್ತದೆ ಎಂಬುದು ಎದುರು ಪಕ್ಷದ ಕೊನೆಯ ಆಸರೆ. ಎಷ್ಟು ಸಂಕ್ಷೇಪ? ಒಂದು ವಾಕ್ಯದಲ್ಲಿ ಎರಡು ಪದದ ಉಳಿತಾಯ. ಬರೆಯುವವನು ಒಬ್ಬ, ಒಂದು ಸಲ ಬರೆಯುತ್ತಾನೆ. ಓದುವವರು ಸಾವಿರ ಮಂದಿ, ಪ್ರತಿಯೊಬ್ಬನೂ ಅಲ್ಲಿ ನಿಂತು ಹಿಂದಿನ ಸಾಲಿಗೆ ಕಣ್ಣು ಹಾಯಿಸಬೇಕು. ಒಬ್ಬನ ಶಾಯಿ ಉಳಿಸಲು ಸಾವಿರ ಮಂದಿಯ ಹೊತ್ತು ಕಳೆಯುವುದನ್ನು ಉಳಿತಾಯ ಎನ್ನುವ ಲೆಕ್ಕ ನನಗೆ ತಿಳಿಯದು.

ಆದ್ದರಿಂದ ನಮ್ಮ ನಗರದಲ್ಲಿ ಕುಳಿತು ಈ ಬಗೆಯ ಇಂಗ್ಲಿಷನ್ನು ಬರೆಯುವ ತರುಣ ತರುಣಿಯರಲ್ಲಿ ನನ್ನ ವಿನಂತಿ ಇಷ್ಟೆ. ನಾಮಪದವೊಂದನ್ನು ಕ್ರಿಯಾಪದ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸಕ್ಕೆ ಈಗಾಗಲೇ ಒಂದು ಕ್ರಿಯಾಪದ ಇದೆಯೇ? ನನ್ನನ್ನು ಎಂದೂ ಕಾಣದವನು ಇದನ್ನು ಓದಿದರೆ ಒಂದೇ ಅರ್ಥ ಹೊಳೆಯುತ್ತದೆಯೇ? ಓದಿದವನ ಕೈ ಏನು ಮಾಡಬೇಕೆಂಬುದು ಕಣ್ಣಿಗೆ ಕಟ್ಟುತ್ತದೆಯೇ? ಮೊದಲನೆಯದಕ್ಕೆ ಇಲ್ಲ ಎಂದೂ ಉಳಿದೆರಡಕ್ಕೆ ಹೌದು ಎಂದೂ ಉತ್ತರ ಬಂದರೆ ಧಾರಾಳವಾಗಿ ಬರೆಯಿರಿ. ಯಾವ ವೈಯಾಕರಣನೂ ನಿಮ್ಮನ್ನು ತಡೆಯಬೇಕಾಗಿಲ್ಲ. ಇಲ್ಲವಾದರೆ ‘ಮಾಡು’, ‘ಜೋಡಿಸು’, ‘ಬಳಸು’, ‘ಬಿಡಿಸು’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದಗಳು ಇನ್ನೂ ಸತ್ತಿಲ್ಲ. ಅವುಗಳಿಗೆ ಕೆಲಸ ಕೊಡಿ.