ಯುದ್ಧದ ವೆಚ್ಚವೂ ಬೆವರಿನ ಲೆಕ್ಕವೂ

ಶರಣರ ದೃಷ್ಟಿಯಲ್ಲಿ ಲೆಕ್ಕವೂ ಒಂದು ಆಚಾರವೇ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ಭಕ್ತರೆಲ್ಲರಿಗೂ ತಿಳಿದದ್ದೇ. ಒಂದು ಮನೆಯ ಅಕ್ಕಿಗೆ ಇಷ್ಟು ಎಚ್ಚರ ಬೇಕಾದರೆ, ಕೋಟ್ಯಂತರ ಜನರ ಬೆವರಿನಿಂದ ತುಂಬುವ ಬೊಕ್ಕಸಕ್ಕೆ ಎಷ್ಟು ಎಚ್ಚರ ಬೇಕು! ಆದರೆ ಯುದ್ಧದ ವಿಷಯದಲ್ಲಿ ಈ ಎಚ್ಚರ ತಪ್ಪುತ್ತದೆ. ಯುದ್ಧಕ್ಕೆ ಮೊದಲು ಹೇಳುವ ವೆಚ್ಚ ಒಂದು, ಪ್ರಜೆ ಕೊನೆಗೆ ತೆರುವ ಬೆಲೆ ಇನ್ನೊಂದು.

ಇದಕ್ಕೆ ಉಡುಪಿ, ಕಾಪು, ಕಾರ್ಕಳಗಳ ನೆಲವೇ ಸಾಕ್ಷಿ. ಈ ಕರಾವಳಿ ಕೆಳದಿ ಅರಸರ ಆಳ್ವಿಕೆಯಲ್ಲಿದ್ದಾಗ, ಶಿವಪ್ಪ ನಾಯಕರು (1645-1660) ಭೂಮಿಯ ಗುಣ ನೋಡಿ ಕಂದಾಯ ಗೊತ್ತುಮಾಡಿದ ಕ್ರಮ 'ಶಿಸ್ತು' ಎಂದು ಹೆಸರಾಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಕರಾವಳಿಯೂ ಮೈಸೂರಿನ ವಶವಾಯಿತು. 1767ರಿಂದ 1799ರೊಳಗೆ ಮೈಸೂರಿಗೂ ಇಂಗ್ಲಿಷರ ಕಂಪನಿಗೂ ನಾಲ್ಕು ಯುದ್ಧಗಳು ನಡೆದವು. ದೂರದ ದಂಡಯಾತ್ರೆಗಳ ಖರ್ಚಿಗೆ ಈ ಸೀಮೆಯಿಂದ ಮಿತಿಯಿಲ್ಲದೆ ಹಣ ಸೆಳೆಯಲಾಯಿತೆಂದೂ, ಭೂಕಂದಾಯವನ್ನು ಎಲ್ಲಿಯವರೆಗೆ ಏರಿಸಬಹುದೆಂಬ ಪರೀಕ್ಷೆಯೇ ನಡೆಯಿತೆಂದೂ ಕೆನರಾದ ಕಲೆಕ್ಟರ್ ಥಾಮಸ್ ಮನ್ರೋ 1800ರಲ್ಲಿ ವರದಿ ಮಾಡಿದನು. ಅವನು ಗೆದ್ದ ಪಕ್ಷದ ಅಧಿಕಾರಿ. ಆದ್ದರಿಂದ ಆ ಮಾತನ್ನು ತೂಗಿ ನೋಡಬೇಕು. ಆದರೆ ಕಂಪನಿಯ ಆಳ್ವಿಕೆಯಲ್ಲಿಯೂ ಕಂದಾಯದ ಭಾರ ರೈತನನ್ನು ಬಿಡಲಿಲ್ಲ. 1830-31ರಲ್ಲಿ ಈ ಸೀಮೆಯ ರೈತರು ಕೂಟಗಳನ್ನು ಕಟ್ಟಿ ಪ್ರತಿಭಟಿಸಬೇಕಾಯಿತು. ಅರಸರು ಬದಲಾದರೂ ಭಾರ ಹೊರುವ ಹೆಗಲು ಬದಲಾಗಲಿಲ್ಲ.

ಪ್ರಜಾಪ್ರಭುತ್ವದಲ್ಲಿಯೂ ಈ ನಿಯಮ ತಪ್ಪದು. 1971ರ ಡಿಸೆಂಬರ್ ಯುದ್ಧ ನಡೆದದ್ದು ಹದಿಮೂರು ದಿನ. ಪೂರ್ವ ಬಂಗಾಳದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರ ಪೋಷಣೆಗಾಗಿ ಅಂಚೆಗೆ ಐದು ಪೈಸೆಯ ಹೆಚ್ಚುವರಿ ಚೀಟಿ ಕಡ್ಡಾಯವಾದದ್ದು ಆ ವರ್ಷದ ನವೆಂಬರ್ 15ರಿಂದ. ಅದು ಮುಂದುವರಿದದ್ದು 1973ರ ಮಾರ್ಚ್‌ವರೆಗೆ. ಹಸಿದವರಿಗೆ ಅನ್ನವಿಕ್ಕಿದ್ದು ದಾಸೋಹವೇ ಸರಿ, ಅದರಲ್ಲಿ ತಪ್ಪಿಲ್ಲ. ಆದರೆ ಹದಿಮೂರು ದಿನದ ಯುದ್ಧದ ಜೊತೆಗೆ ಬಂದ ತೆರಿಗೆ ಹದಿನಾರು ತಿಂಗಳು ನಿಂತಿತೆಂಬುದನ್ನು ಮರೆಯಲಾಗದು.

ಬಲಾಢ್ಯ ರಾಷ್ಟ್ರಗಳ ಅಂದಾಜೂ ತಪ್ಪುತ್ತದೆ. ಇರಾಕ್ ಯುದ್ಧಕ್ಕೆ 5ರಿಂದ 6 ಸಾವಿರ ಕೋಟಿ ಡಾಲರ್ ಸಾಕೆಂದು ಅಮೆರಿಕದ ಬಜೆಟ್ ಮುಖ್ಯಾಧಿಕಾರಿ 2002ರ ಕೊನೆಯಲ್ಲಿ ಅಂದಾಜಿಸಿದರು. ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಲಿಂಡಾ ಬಿಲ್ಮ್ಸ್ 2008ರಲ್ಲಿ ಗಾಯಾಳುಗಳ ಚಿಕಿತ್ಸೆ, ಪಿಂಚಣಿ, ಸಾಲದ ಬಡ್ಡಿಗಳನ್ನೂ ಸೇರಿಸಿ ಎಣಿಸಿದಾಗ ಮೊತ್ತ 3 ಲಕ್ಷ ಕೋಟಿ ಡಾಲರ್ ಮುಟ್ಟಿತು. ಮೊದಲ ಲೆಕ್ಕದಲ್ಲಿ ಮದ್ದುಗುಂಡು ಇತ್ತು, ಮನುಷ್ಯರು ಇರಲಿಲ್ಲ.

ಭಾರತದ 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಮೀಸಲಿಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಯೇ 1.60 ಲಕ್ಷ ಕೋಟಿ. ಇದೆಲ್ಲವೂ ಯುದ್ಧದಿಂದಲೇ ಬಂದ ವೆಚ್ಚವಲ್ಲ. ಯೋಧನ ಪಿಂಚಣಿಯಂತೂ ನಾಡು ತೀರಿಸಲೇಬೇಕಾದ ಋಣ. ಆದರೆ ಸೈನ್ಯದ ವೆಚ್ಚ ಗುಂಡಿನ ಸದ್ದು ನಿಂತೊಡನೆ ನಿಲ್ಲುವುದಿಲ್ಲ, ತಲೆಮಾರುಗಳವರೆಗೆ ನಡೆಯುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ವೈರಿ ಬಾಗಿಲಿಗೆ ಬಂದಾಗ ಹಣ ಎಣಿಸುತ್ತಾ ಕೂರಬೇಕೆ ಎಂದು ಕೇಳುವವರುಂಟು. ದೇಶರಕ್ಷಣೆ ಬೇಡವೆನ್ನುವವರಾರು? ಎಣಿಸುವುದೆಂದರೆ ಕೊಡಲೊಲ್ಲೆ ಎಂದಲ್ಲ. ಕೊಡುವವನು ಅರಿತು ಕೊಡಲಿ ಎಂದು. ಮಣಿಪಾಲದ ಉದ್ಯೋಗಿಯ ವರಮಾನ ತೆರಿಗೆಯೂ, ಕಾಪುವಿನ ಮೀನುಗಾರನ ಮನೆಗೆ ಕೊಳ್ಳುವ ಸಾಬೂನಿನ ಮೇಲಿನ ತೆರಿಗೆಯೂ ಸೇರುವುದು ಒಂದೇ ಬೊಕ್ಕಸಕ್ಕೆ. ಎರಡೂ ಕಾಯಕದ ಫಲವೇ. ಆದುದರಿಂದ ಯುದ್ಧದ ಮಾತೆತ್ತುವವರು ಪಿಂಚಣಿ, ಚಿಕಿತ್ಸೆ, ಬಡ್ಡಿ, ಪುನರ್ವಸತಿಗಳ ಪೂರ್ಣ ಲೆಕ್ಕವನ್ನು ಸಂಸತ್ತಿನ ಮುಂದಿಡಬೇಕು. ಟಿವಿಯ ಮುಂದೆ ಕುಳಿತು ಯುದ್ಧಘೋಷ ಮಾಡುವ ಮೊದಲು ಪ್ರಜೆಯೂ ಆ ಲೆಕ್ಕವನ್ನು ಕೇಳಬೇಕು. ಲಕ್ಕಮ್ಮನವರು ಗಂಡನನ್ನೇ ಕೇಳಿದರು. ಪ್ರಜೆ ಪ್ರಭುವನ್ನು ಕೇಳಿದರೆ ತಪ್ಪೇನು?