ಮೊದಲು ಕೇಳಬೇಕಾದ ಪ್ರಶ್ನೆ

ಆಳಂದ ತಾಲ್ಲೂಕಿನ ಮಟಕಿ ಗ್ರಾಮವು ತೊಗರಿಯ ಸೀಮೆಗೆ ಸೇರಿದುದು. ಮುಂಗಾರು ಮಳೆ ಬಿದ್ದ ಮೇಲೆ ಅಲ್ಲಿಯ ರೈತನು ಬಿತ್ತನೆಗೆ ಮುನ್ನ ಹೊಲದ ಹಸಿಯನ್ನು ನೋಡುತ್ತಾನೆ. ಹಸಿ ಸಾಕಷ್ಟಿದ್ದರೆ ಬೀಜ, ಕೂರಿಗೆ, ಆಳುಗಳ ವಿಚಾರ. ಇಲ್ಲದಿದ್ದರೆ ಆ ವಿಚಾರಗಳೆಲ್ಲ ವ್ಯರ್ಥ. ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದನ್ನು ಅವನಿಗೆ ಅನುಭವವೇ ಕಲಿಸಿದೆ.

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯತೊಡಗಿದ ವಿದ್ಯಾರ್ಥಿಗೂ ಇದೇ ವಿವೇಕ ಬೇಕು. ಪ್ರೋಗ್ರಾಮಿನ ‘ಇಫ್’ ಎಂದರೆ ‘ಹೀಗಿದ್ದರೆ’. ‘ಎಲ್ಸ್’ ಎಂದರೆ ‘ಇಲ್ಲದಿದ್ದರೆ’. ಪದಗಳು ಸುಲಭ, ಕಷ್ಟವಿರುವುದು ಅವುಗಳ ಕ್ರಮದಲ್ಲಿ.

ಶೇಕಡಾ 60ಕ್ಕೆ ಪ್ರಥಮ ದರ್ಜೆ, 50ಕ್ಕೆ ದ್ವಿತೀಯ ದರ್ಜೆ, 35ಕ್ಕೆ ತೇರ್ಗಡೆ ಎಂದು ಹೇಳುವ ಪ್ರೋಗ್ರಾಮನ್ನು ಊಹಿಸಬಹುದು. ‘35 ಅಥವಾ ಹೆಚ್ಚು ಇದೆಯೆ?’ ಎಂಬುದನ್ನೇ ಮೊದಲು ಕೇಳಿ, ‘ಇಲ್ಲದಿದ್ದರೆ’ ಮಾತ್ರ ಮುಂದಿನ ಪ್ರಶ್ನೆಗೆ ಹೋಗುವಂತೆ ಬರೆದರೆ, 90 ಅಂಕ ಪಡೆದವಳಿಗೂ ಬರಿಯ ತೇರ್ಗಡೆಯೇ ದೊರೆಯುತ್ತದೆ. ಈ ಅನ್ಯಾಯ ಯಂತ್ರದ್ದಲ್ಲ, ಪ್ರಶ್ನೆಗಳನ್ನು ಜೋಡಿಸಿದವರದು.

ಕೆಲವೊಮ್ಮೆ ಉತ್ತರ ಸರಿಯಿದ್ದರೂ ಶ್ರಮ ವ್ಯರ್ಥವಾಗುತ್ತದೆ. 4ರಿಂದ ಭಾಗವಾಗುವ ವರ್ಷ ಅಧಿಕ ವರ್ಷ. ಆದರೆ 100ರಿಂದ ಭಾಗವಾಗುವುದು 400ರಿಂದಲೂ ಭಾಗವಾಗಬೇಕು. ಆದುದರಿಂದಲೇ 1900 ಅಧಿಕ ವರ್ಷವಲ್ಲ, 2000 ಹೌದು. 1ರಿಂದ 400ರವರೆಗಿನ ವರ್ಷಗಳನ್ನು ಪರೀಕ್ಷಿಸುವಾಗ 4ರ ಪ್ರಶ್ನೆಯನ್ನು ಮೊದಲು ಕೇಳಿದರೆ 300 ವರ್ಷಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಉಳಿದ 100ಕ್ಕೆ ಎರಡನೆಯ ಪ್ರಶ್ನೆ, ಕೊನೆಗೆ ನಾಲ್ಕಕ್ಕೆ ಮಾತ್ರ ಮೂರನೆಯದು. ಒಟ್ಟು 504 ಪ್ರಶ್ನೆಗಳು. 400, 100, 4 ಎಂಬ ಕ್ರಮದಲ್ಲಿ ಕೇಳಿದರೆ ಅದೇ ಉತ್ತರಕ್ಕೆ 1195 ಪ್ರಶ್ನೆಗಳು ಬೇಕಾಗುತ್ತವೆ.

ಯಂತ್ರವು ಕ್ಷಣಮಾತ್ರದಲ್ಲಿ ಸಾವಿರಾರು ಪ್ರಶ್ನೆಗಳನ್ನು ಬಿಡಿಸುವಾಗ ಈ ಮಿತವ್ಯಯವೇಕೆ ಎಂದು ಕೆಲವರು ಕೇಳುವುದುಂಟು. ಚಿಕ್ಕ ಲೆಕ್ಕದಲ್ಲಿ ಆ ಮಾತು ನಿಜ. ಆದರೆ ಅದೇ ಪರೀಕ್ಷೆಯನ್ನು ಕೋಟಿ ಸಲ ಮಾಡಬೇಕಾದಾಗ ಚಿಕ್ಕ ದುಂದು ದೊಡ್ಡದಾಗುತ್ತದೆ. ಅಲ್ಲದೆ, ವೇಗವು ತಪ್ಪು ಕ್ರಮವನ್ನು ತಿದ್ದಲಾರದು. ತಪ್ಪನ್ನು ಬೇಗ ಮಾಡಿ ಮುಗಿಸುತ್ತದೆ, ಅಷ್ಟೆ. ಉತ್ತರ ಸರಿಯಾಗಿರುವುದು ಮೊದಲ ಧರ್ಮ; ಪ್ರಶ್ನೆಗಳು ಕಡಿಮೆಯಾಗಿರುವುದು ಅದರ ನಂತರದ್ದು.

ಈ ಶಿಸ್ತನ್ನು ಕಲಿಯಲು ಯಂತ್ರವೇ ಎದುರಿಗಿರಬೇಕೆಂದಿಲ್ಲ. ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು, ಯಾವುದಕ್ಕೆ ಹೆಚ್ಚಿನವು ಇತ್ಯರ್ಥವಾಗುತ್ತವೆಯೆಂದು ಎಣಿಸಿ, 34, 35, 59, 60ರಂತಹ ಅಂಚಿನ ಸಂಖ್ಯೆಗಳನ್ನಿಟ್ಟು ಪರೀಕ್ಷಿಸಿದರೆ ಸಾಕು. ಗಣಕಯಂತ್ರವಿಲ್ಲದ ಶಾಲೆಯ ಮಕ್ಕಳೂ ಈ ವಿದ್ಯೆಯಲ್ಲಿ ಹಿಂದೆ ಬೀಳಬೇಕಾಗಿಲ್ಲ.