ಅರ್ಧಕ್ಕೆ ಬಿಟ್ಟ ಬ್ರೇಕು ಮತ್ತು ಎರಡು ಹಳೇ ಕಾರು

ಮೊನ್ನೆ ಮೊನ್ನೆವರೆಗೂ ನಮ್ಮನೇಲಿ ಎರಡು ಕಾರು ಇದ್ದವು. ಕೇಳಿದ ತಕ್ಷಣ ಭಾರೀ ಶ್ರೀಮಂತರು ಅಂದ್ಕೋಬೇಡಿ. ಒಂದು 1986ರ ಪ್ರೀಮಿಯರ್ ಪದ್ಮಿನಿ, ತಾತ ಬುಕ್ ಮಾಡಿ ಕಾದು ತಂದಿದ್ದು. ಇನ್ನೊಂದು 1998ರ ಮಾರುತಿ 800, ಅಮ್ಮ ಸ್ಕೂಲಿಗೆ ಪಾಠ ಹೇಳೋಕೆ ಹೋಗಲಿ ಅಂತ ಅಪ್ಪ ಸಾಲ ಮಾಡಿ ಕೊಡಿಸಿದ್ದು. ಒಂದು ನನಗಿಂತ ದೊಡ್ಡದು, ಇನ್ನೊಂದು ಹೆಚ್ಚೂ ಕಮ್ಮಿ ನನ್ನ ಓರಗೆಯದು.

ಸಾಫ್ಟ್‌ವೇರ್ ಹುಡುಗ, ಮನೇಲಿ ಹಳೇ ಕಾರು ಅಂದ್ರೆ ಜನರ ಕಣ್ಣ ಮುಂದೆ ಒಂದು ಚಿತ್ರ ಬರುತ್ತೆ. ವಾರವೆಲ್ಲ ಲ್ಯಾಪ್‌ಟಾಪ್ ಕುಟ್ಟಿ, ಶನಿವಾರ ಕೈತುಂಬ ಗ್ರೀಸ್ ಮೆತ್ಕೊಂಡು, ಭಾನುವಾರ ನಂದಿ ಬೆಟ್ಟದ ಬುಡದಲ್ಲಿ ಕಾರಿಗೆ ಒರಗಿ ನಿಂತು ಫೋಟೋ. ಸುಳ್ಳೇನಲ್ಲ, ಎರಡು ಸಲ ನಾನೂ ಹಾಗೆ ಫೋಟೋ ತೆಗೆಸಿಕೊಂಡಿದ್ದೇನೆ. ಉಳಿದ ಶನಿವಾರಗಳ ಕಥೆ ಯಾರೂ ಬರೆಯಲ್ಲ. ನಾನೇ ಬರೆಯೋಣ ಅನ್ನಿಸ್ತು.

2024ರ ಜುಲೈ ತಿಂಗಳ ಒಂದು ಶನಿವಾರ. ಪದ್ಮಿನಿಯ ಹಿಂದಿನ ಎಡಗಡೆ ಚಕ್ರದಿಂದ ಬ್ರೇಕ್ ಆಯಿಲ್ ಜಿನುಗ್ತಾ ಇತ್ತು. ವೀಲ್ ಸಿಲಿಂಡರಿನ ರಬ್ಬರು ಹೋಗಿದೆ ಅಂತ ಗೊತ್ತಾಯ್ತು. ಜೆ.ಸಿ. ರೋಡಿಗೆ ಹೋಗಿ ಕಿಟ್ ತಂದು ಬೆಳಿಗ್ಗೆ ಹತ್ತಕ್ಕೆಲ್ಲ ಜಾಕಿ ಹಾಕಿ, ಚಕ್ರ ಬಿಚ್ಚಿ, ಡ್ರಮ್ ತೆಗೆದು ಕೂತೆ. ಸಿಲಿಂಡರ್ ಕೈಗೆ ಬಂದಿತ್ತು, ಪೈಪಿನ ಬಾಯಿ ತೆರೆದಿತ್ತು. ಅಷ್ಟರಲ್ಲಿ ಫೋನು. ಅವತ್ತು ಆನ್‌ಕಾಲ್ ಡ್ಯೂಟಿ ನನ್ನದಲ್ಲ. ಡ್ಯೂಟಿ ಇದ್ದೋನು ಚಿಕ್ಕಮಗಳೂರಿನ ಯಾವುದೋ ಹೋಂಸ್ಟೇಯಲ್ಲಿ ಸಿಗ್ನಲ್ ಇಲ್ಲದೆ ಕೂತಿದ್ದ. ಪೇಮೆಂಟ್ ಸರ್ವಿಸ್ ಮಲಗಿದೆ, ಹತ್ತೇ ನಿಮಿಷ ನೋಡಪ್ಪಾ ಅಂದ್ರು ಮ್ಯಾನೇಜರು.

ಆ ಹತ್ತು ನಿಮಿಷ ಮುಗಿದಾಗ ಸಂಜೆ ಐದೂವರೆ!

ಹೊರಗೆ ಮೋಡ ಕಟ್ಟಿತ್ತು. ಅವಸರ ಅವಸರವಾಗಿ ಹೊಸ ರಬ್ಬರು ಹಾಕಿ, ಸಿಲಿಂಡರ್ ಕೂರಿಸಿ, ಡ್ರಮ್ ಮುಚ್ಚಿದೆ. ಆಮೇಲೆ ಪೈಪಿನೊಳಗೆ ಸೇರಿದ ಗಾಳಿ ತೆಗೀಬೇಕು. ಅದಕ್ಕೆ ಇಬ್ಬರು ಬೇಕು, ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ರ ನಿಪ್ಪಲ್ ಸಡಿಲಿಸಿ ಬಿಗಿ ಮಾಡಬೇಕು, ಗುಳ್ಳೆ ಬರೋದು ನಿಲ್ಲೋವರೆಗೂ. ತಂಗಿ ನಾಲ್ಕೈದು ಸಲ ಒತ್ತಿದಳು. ಮಳೆ ಶುರುವಾಯ್ತು. ಪೆಡಲ್ ಒಂದು ಮಟ್ಟಕ್ಕೆ ಗಟ್ಟಿ ಸಿಗ್ತಾ ಇತ್ತು. ನಾಳೆ ಸರಿಯಾಗಿ ಮಾಡಿದ್ರಾಯ್ತು ಅಂತ ಬಿಟ್ಟೆ. ಭಾನುವಾರ ಆ ಪೇಮೆಂಟ್ ಸರ್ವಿಸ್ ಯಾಕೆ ಮಲಗಿತು ಅಂತ ರಿಪೋರ್ಟ್ ಬರೆಯೋದ್ರಲ್ಲಿ ಹೋಯ್ತು. ಸೋಮವಾರ ಆಫೀಸು.

ಮಂಗಳವಾರ ಬೆಳಿಗ್ಗೆ ಅಪ್ಪ ಅಮ್ಮ ಯಾವುದೋ ಗೃಹಪ್ರವೇಶಕ್ಕೆ ಅಂತ ಪದ್ಮಿನಿ ತೆಗೆದರು. ನಮ್ಮ ಬೀದಿ ಮೇನ್ ರೋಡಿನ ಕಡೆಗೆ ಇಳಿಜಾರು. ಮೊದಲ ಸಲ ಬ್ರೇಕ್ ಹಿಡೀತು. ಎರಡನೇ ಸಲ ಪೆಡಲ್ ಸೀದಾ ನೆಲಕ್ಕೆ. ಅಪ್ಪ ಹಳೇ ಕೈ, ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಾರನ್ನ ಮೂಲೆಮನೆಯವರ ಕಾಂಪೌಂಡಿಗೆ ಉಜ್ಜಿ ನಿಲ್ಲಿಸಿದ್ರು. ಮಡ್‌ಗಾರ್ಡ್ ಒಳಗೆ ಹೋಯ್ತು, ಅಮ್ಮನ ಹಣೆ ಡ್ಯಾಶ್‌ಬೋರ್ಡಿಗೆ ತಾಗಿ ಊದಿಕೊಳ್ತು. ಅಷ್ಟೇ. ಅದೇ ಜಾಗದಲ್ಲಿ ದಿನಾ ಸಂಜೆ ಹುಡುಗರು ಕ್ರಿಕೆಟ್ ಆಡ್ತಾರೆ. ಆಗ ಬೆಳಿಗ್ಗೆ ಹತ್ತು ಗಂಟೆ, ಎಲ್ಲರೂ ಸ್ಕೂಲಿನಲ್ಲಿದ್ರು.

ಅಪ್ಪ ಆಫೀಸಿಗೆ ಫೋನ್ ಮಾಡಿದ್ರು. ಬೈಲಿಲ್ಲ. "ಬ್ರೇಕ್ ಕೆಲ್ಸ ಮುಗ್ಸಿದ್ದೆ ತಾನೆ?" ಅಂತ ಒಂದೇ ಪ್ರಶ್ನೆ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಅವತ್ತಿನಿಂದ ಅಪ್ಪ ಕಾರು ತೆಗೆಯೋ ಮುಂಚೆ ಮೂರು ಸಲ ಬ್ರೇಕ್ ಒತ್ತಿ ನೋಡೋಕೆ ಶುರು ಮಾಡಿದ್ರು. ನಾನು ಮಹಡಿ ಮೇಲಿಂದ ನೋಡ್ತಿದ್ದೆ. ಅವರು ಒಂದು ಸಲವೂ ಮೇಲೆ ನೋಡಲಿಲ್ಲ.

ಇದಾದ ಮೇಲೆ ಈ ವಿಷಯದ ಬಗ್ಗೆ ತುಂಬಾ ಯೋಚನೆ ಮಾಡಿದೀನಿ. ಹಳೇ ಕಾರು ಅಂದ ತಕ್ಷಣ ಎಲ್ಲರೂ ಕೇಳೋದು ಖರ್ಚೆಷ್ಟು, ಮೈಲೇಜೆಷ್ಟು ಅಂತ. ನಮ್ಮ ಸಂಬಳಕ್ಕೆ ಆ ಖರ್ಚು ದೊಡ್ಡದೇನಲ್ಲ ಸ್ವಾಮಿ. ವೀಲ್ ಸಿಲಿಂಡರ್ ಕಿಟ್ಟಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಅವತ್ತು ಆಟೋಗೆ ಕೊಟ್ಟಿದ್ದೆ. ಕಾರು ಕೇಳೋದು ಮಧ್ಯೆ ತುಂಡಾಗದ ಸಮಯ, ನಮ್ಮ ಕೆಲಸ ಕೊಡದೇ ಇರೋದೂ ಅದೊಂದನ್ನೇ. ಇಪ್ಪತ್ತಿಪ್ಪತ್ತು ನಿಮಿಷದ ಹದಿನೆಂಟು ತುಂಡು ಸೇರಿಸಿದ್ರೆ ಲೆಕ್ಕದಲ್ಲಿ ಆರು ಗಂಟೆ, ಬ್ರೇಕ್ ಕೆಲಸಕ್ಕೆ ಅದು ಸೊನ್ನೆ. ಕೋಡನ್ನ ಅರ್ಧ ಬರೆದು ಬ್ರಾಂಚಿನಲ್ಲಿ ಬಿಟ್ಟು ಬಂದ್ರೂ ಯಾರಿಗೂ ಏನೂ ಆಗಲ್ಲ, ನೆಟ್ಟಗಿಲ್ಲ ಅಂದ್ರೆ ಹಿಂದಕ್ಕೆ ತಗೋಬಹುದು. ಕಾರಿಗೆ ಬ್ರಾಂಚ್ ಎಲ್ಲಿದೆ? ಮನೆ ಮುಂದೆ ನಿಂತಿರೋದೇ ಪ್ರೊಡಕ್ಷನ್ನು. ಬೀಗದಕೈ ಮೊಳೆಗೆ ನೇತಾಕಿದೆ ಅಂದ್ರೆ ರಿಲೀಸ್ ಆಯ್ತು ಅಂತಲೇ ಅರ್ಥ.

ಹಾಗಾಗಿ ಕೆಲಸಗಳನ್ನ ಬೇರೆ ಥರ ಭಾಗ ಮಾಡ್ಕೊಂಡೆ. ಯಾವುದನ್ನ ಎಲ್ಲಿ ಬೇಕಾದ್ರೂ ಬಿಟ್ಟು ಏಳಬಹುದೋ ಅದು ನನ್ನದು. ಪ್ಲಗ್ ಕ್ಲೀನ್ ಮಾಡೋದು, ಪಾಯಿಂಟ್ ಗ್ಯಾಪ್ ನೋಡೋದು, ಬ್ಯಾಟರಿಗೆ ನೀರು, ಗ್ರೀಸ್ ಹೊಡೆಯೋದು, ತೊಳೆಯೋದು. ಪಾಯಿಂಟ್ ಅರ್ಧಕ್ಕೆ ಬಿಟ್ರೆ ಹೆಚ್ಚೆಂದ್ರೆ ಕಾರು ಸ್ಟಾರ್ಟ್ ಆಗಲ್ಲ, ಸ್ಟಾರ್ಟ್ ಆಗದ ಕಾರು ಯಾರನ್ನೂ ಗುದ್ದಲ್ಲ. ಬ್ರೇಕು, ಸ್ಟೀರಿಂಗು, ಪೆಟ್ರೋಲ್ ಪೈಪು, 800ರ ಟೈಮಿಂಗ್ ಬೆಲ್ಟು, ಇವೆಲ್ಲ ಗ್ಯಾರೇಜಿನ ಭಾಯ್‌ಗೆ. ನನಗೆ ಬರಲ್ಲ ಅಂತಲ್ಲ, ಬರುತ್ತೆ. ಇಂಜಿನಿಯರಿಂಗ್ ಓದಿ ಬ್ರೇಕ್ ಕೆಲಸಕ್ಕೆ ಗ್ಯಾರೇಜಿಗೆ ಹೋಗೋದಾ ಅಂತ ಮೊದಮೊದಲು ಅವಮಾನ ಅನ್ನಿಸ್ತಿತ್ತು (ಓದಿದ್ದು ಕಂಪ್ಯೂಟರ್ ಸೈನ್ಸ್ ಅನ್ನೋದು ಬೇರೆ ಮಾತು). ಭಾಯ್ ಒಂದು ಚಕ್ರ ಬಿಚ್ಚಿದ್ರೆ ಅದನ್ನ ಮುಚ್ಚೋವರೆಗೂ ಟೀ ಕೂಡ ಕುಡಿಯಲ್ಲ. ಕೈಚಳಕದ ಮಾತು ಆಮೇಲೆ, ನಮ್ಮಿಬ್ಬರಿಗೂ ಇರೋ ವ್ಯತ್ಯಾಸ ಅದು.

ಇದರಿಂದ ಅರ್ಧ ಸಮಸ್ಯೆ ಮುಗೀತು. ಇನ್ನರ್ಧ ಇದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಅದು ಸದ್ದೇ ಮಾಡಲ್ಲ. ಬಿಡುವಿಲ್ಲದೆ ಇದ್ದಾಗ ನಾವು ಮಾಡೋ ಮೊದಲ ಕೆಲಸ ಏನು? ಕಾರಿಗೆ ಕವರ್ ಹೊದಿಸೋದು. "ಹೇಗೂ ಓಡಿಸ್ತಿಲ್ವಲ್ಲ, ಏನಾಗುತ್ತೆ" ಅಂತ. ಆಗೋದೆಲ್ಲ ಆಗೋದು ಆಗಲೇ. ಕಾರ್ಬೊರೇಟರಿನಲ್ಲಿ ನಿಂತ ಪೆಟ್ರೋಲ್ ಆರಿ ಅಂಟಾಗಿ ಜೆಟ್ಟಿನ ಸಣ್ಣ ತೂತು ಮುಚ್ಚಿಕೊಳ್ಳುತ್ತೆ. ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳಿಯುತ್ತೆ. ಅಲ್ಲಾಡದ ವೀಲ್ ಸಿಲಿಂಡರ್ ಒಳಗೊಳಗೇ ತುಕ್ಕು ಹಿಡಿಯುತ್ತೆ. 2025ರ ಹೊತ್ತಿಗೆ ಪೆಟ್ರೋಲಿಗೆ ಎಥನಾಲ್ ಬೆರೆಸೋದು 20 ಪರ್ಸೆಂಟ್ ಮುಟ್ಟಿದೆ. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತೆ, ಅದಕ್ಕಂತ ಮಾಡದ ಹಳೇ ರಬ್ಬರ್ ಪೈಪುಗಳನ್ನ, ಪಂಪಿನ ಡಯಾಫ್ರಮ್ಮನ್ನ ತಿನ್ನುತ್ತೆ. ದಿನಾ ಓಡೋ ಕಾರಿನಲ್ಲಿ ಪೆಟ್ರೋಲು ಬಂದ ಹಾಗೇ ಹೋಗುತ್ತೆ. ನಿಂತ ಕಾರಿನಲ್ಲಿ ಅದು ಸಂಸಾರ ಹೂಡುತ್ತೆ.

ಅದೊಂದೇ ಅಲ್ಲ ಸಂಸಾರ ಹೂಡೋದು. ಒಂದು ರಿಲೀಸಿನ ಗಲಾಟೆಯಲ್ಲಿ ಎರಡು ತಿಂಗಳು ಪದ್ಮಿನಿ ಕಡೆ ತಲೆ ಹಾಕಿರಲಿಲ್ಲ. ಬಾನೆಟ್ ಎತ್ತಿದ್ರೆ ಏರ್ ಫಿಲ್ಟರ್ ಪಕ್ಕ ಅಪ್ಪನ ಪೇಪರ್ ಚೂರುಗಳ ಮೇಲೆ ಒಂದು ಇಲಿ, ಸುತ್ತ ನಾಲ್ಕು ಮರಿ. ಪಾಪ, ವರ್ಕ್ ಫ್ರಮ್ ಹೋಮ್ :) ಹಾರ್ನಿನ ವೈರು, ಒಂದು ಹೆಡ್‌ಲೈಟಿನ ವೈರು ಎರಡೂ ಮಾಯ. ನಿಮ್ಮನೇಲೂ ಕವರ್ ಹೊದ್ದು ನಿಂತಿರೋ ಕಾರಿದ್ರೆ ಈಗಲೇ ಹೋಗಿ ಬಾನೆಟ್ ಎತ್ತಿ ನೋಡಿ, ಆಮೇಲೆ ಮುಂದಕ್ಕೆ ಓದಿ.

ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ ಅನ್ನೋರಿಗೆ: ಅದರಿಂದ ಏನೂ ಪ್ರಯೋಜನ ಇಲ್ಲ. ಇಂಜಿನ್ನು, ಸೈಲೆನ್ಸರು ಪೂರ್ತಿ ಬಿಸಿಯಾಗದೆ ಒಳಗಿನ ನೀರಿನಂಶ ಅಲ್ಲೇ ಉಳಿಯುತ್ತೆ. ಅರ್ಧ ಗಂಟೆ ರಸ್ತೆ ಮೇಲೆ ಓಡಬೇಕು, ಗೇರು ಬೀಳಬೇಕು, ಬ್ರೇಕು ಹಿಡೀಬೇಕು. ವಾರಕ್ಕೊಂದು ಸಲ. ಬೆಂಗಳೂರಿನಲ್ಲಿ ಅದು ಭಾನುವಾರ ಬೆಳಿಗ್ಗೆ ಆರಕ್ಕೆ ಮಾತ್ರ ಸಾಧ್ಯ. ಶನಿವಾರ ರಾತ್ರಿ ಎರಡರವರೆಗೆ ಡಿಪ್ಲಾಯ್‌ಮೆಂಟ್ ಮಾಡಿದೋನು ಆರಕ್ಕೆ ಏಳ್ತಾನಾ? ನಾನು ಎದ್ದಿಲ್ಲ. ನನ್ನ ಪ್ರಕಾರ ಎಷ್ಟು ಹಳೇ ಕಾರು ಇಟ್ಕೋಬಹುದು ಅನ್ನೋದಕ್ಕೆ ಜಾಗ, ದುಡ್ಡು, ಪ್ರೀತಿ ಯಾವುದೂ ಅಳತೆಯಲ್ಲ. ವಾರಕ್ಕೊಮ್ಮೆ ಎಷ್ಟು ಕಾರನ್ನ ರಸ್ತೆಗೆ ಇಳಿಸ್ತೀರೋ ಅಷ್ಟು. ಉಳಿದದ್ದನ್ನ ನಾವು ಕಾಪಾಡ್ತಾ ಇಲ್ಲ, ನಿಧಾನವಾಗಿ ಕೊಲ್ತಾ ಇದೀವಿ.

ಈ ಮಾತು ಮನೇಲಿ ಹೇಳಿದಾಗ ಚಿಕ್ಕಪ್ಪ ಇದ್ದರು. "ಎರಡನ್ನೂ ಗುಜರಿಗೆ ಹಾಕಿ ಒಂದು ಹೊಸದು ತಗೋಳೋ" ಅಂದ್ರು. ಅವರ ಲೆಕ್ಕ ಪೂರ್ತಿ ತಪ್ಪೂ ಅಲ್ಲ. ಪದ್ಮಿನಿಯ ಎಫ್.ಸಿ. 2026ಕ್ಕೆ ಮುಗಿಯೋದಿತ್ತು. ರಿನ್ಯೂವಲ್ ಫೀಸು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ಆಯ್ತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು. 50 ವರ್ಷ ದಾಟಿದ್ರೆ ವಿಂಟೇಜ್ ಅಂತ ಮರ್ಯಾದೆ ಸಿಗುತ್ತೆ, ನಲವತ್ತರಲ್ಲಿ ಅದು ಬರೀ ಹಳೇ ಕಾರು. ಹಳೇ ಕಾರು ಇಟ್ಕೊಂಡ್ರೆ ಪರಿಸರಕ್ಕೆ ಒಳ್ಳೇದು ಅಂತ ವಾದ ಮಾಡೋರ ಜೊತೆ ನಾನಿಲ್ಲ, 1986ರ ಗಾಡಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ, ಹಿಂದೆ ಬರೋನಿಗೆ ಅದರ ವಾಸನೆ ಚೆನ್ನಾಗಿ ಗೊತ್ತು. ಆದ್ರೆ ಓಡ್ತಾ ಇರೋದನ್ನ ಗುಜರಿಗೆ ಹಾಕೋಕೆ ನನಗೆ ಮನಸ್ಸು ಬರಲ್ಲ. ಅದನ್ನ ವಾರವಾರ ಓಡಿಸೋನು ಇನ್ನೆಲ್ಲೋ ಇದ್ದಾಗ ಅಂತೂ ಬರಲ್ಲ.

ಒಂದು ಕಾರು ಕೊಡಬೇಕು ಅಂತಾಯ್ತು. ನಾನು, ಅಪ್ಪ, ತಂಗಿ ಮೂವರೂ ಹೇಳದೇನೇ 800 ಅಂದ್ಕೊಂಡಿದ್ವಿ. ಪದ್ಮಿನಿ ಅಂದ್ರೆ ತಾತ, ಸ್ಟೀರಿಂಗ್ ಪಕ್ಕದ ಗೇರು, ಮದುವೆಗೆ ಹೂವು ಕಟ್ಟಿದ ಫೋಟೋ. 800 ಅಂದ್ರೆ ಯಾವಾಗಲೂ ಇರೋ ಒಂದು ಡಬ್ಬಿ.

ಅಮ್ಮ ಅಡುಗೆಮನೆಯಿಂದ ಬಂದು ಕೇಳಿದ್ಲು, "ನಿನ್ನ ರೂಲಿನ ಪ್ರಕಾರ ವಾರಕ್ಕೊಂದು ಸಲ ಓಡಬೇಕು ತಾನೆ? ನನ್ನ ಗಾಡಿ ವಾರಕ್ಕೆ ನಾಲ್ಕು ದಿನ ಓಡುತ್ತೆ. ನಿಮ್ಮ ಪದ್ಮಿನಿ?"

ಯಾರೂ ಮಾತಾಡಲಿಲ್ಲ.

ಇಪ್ಪತ್ತು ವರ್ಷಕ್ಕೂ ಮೇಲೆ ಆ ಡಬ್ಬಿಯಲ್ಲಿ ಅಮ್ಮ ಸ್ಕೂಲಿಗೆ ಹೋಗಿದ್ದಾಳೆ, ನಮ್ಮಿಬ್ಬರನ್ನೂ ಹಿಂದೆ ಕೂರಿಸಿಕೊಂಡು. ನಾನು ಅದರ ಒಂದು ಫೋಟೋ ಕೂಡ ತೆಗೆದಿಲ್ಲ. ಸ್ಪೇರ್ ಪಾರ್ಟಿನ ಲೆಕ್ಕದಲ್ಲೂ ಅಮ್ಮನೇ ಸರಿ. 800 ನಿಂತಿದ್ದು 2014ರಲ್ಲಾದ್ರೂ ಅದೇ ಮನೆತನದ 796 ಸಿಸಿ ಇಂಜಿನ್ನು ಓಮ್ನಿಯಲ್ಲಿ 2019ರವರೆಗೂ ಬಂತು, ಯಾವ ಬೀದಿಯ ಮೆಕ್ಯಾನಿಕ್ಕಾದ್ರೂ ಅದಕ್ಕೆ ಕೈ ಹಾಕ್ತಾನೆ. ಪದ್ಮಿನಿಯ ಪಾರ್ಟಿಗೆ ದೊಡ್ಡ ಗಿರಾಕಿ ಅಂದ್ರೆ ಮುಂಬೈ ಟ್ಯಾಕ್ಸಿಗಳು, ಅಲ್ಲಿನ 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್‌ಗೆ ಕೊನೇ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಡ್ತು. ಜೆ.ಸಿ. ರೋಡಿನ ಅಂಗಡಿಯವರು ಆಗಲೇ ಹೇಳಿದ್ರು, "ಎರಡು ಸೆಟ್ ತಗೊಂಡ್ ಇಟ್ಕೊಳಿ ಸಾರ್, ಆಮೇಲೆ ಕೇಳ್ಬೇಡಿ" ಅಂತ. ಭಾಯ್‌ಗೂ ಅರವತ್ತು ದಾಟಿದೆ, ಮಗ ಸ್ಕ್ಯಾನರ್ ಚುಚ್ಚಿ ನೋಡೋ ಕಾರುಗಳನ್ನ ಮಾತ್ರ ಮುಟ್ಟೋದು.

ಇಷ್ಟೆಲ್ಲ ಗೊತ್ತಿದ್ದೂ ಅಪ್ಪನಿಗೆ ಹೇಳೋ ಧೈರ್ಯ ನನಗಿರಲಿಲ್ಲ. ಮೂರು ದಿನ ಬಿಟ್ಟು ಅವರೇ ಹೇಳಿದ್ರು. ಮೈಸೂರಿನಲ್ಲಿ ಅವರ ಜೊತೆ ಕೆಲಸ ಮಾಡಿದೋರು ಒಬ್ಬರಿದ್ದಾರೆ, ರಿಟೈರ್ ಆಗಿ ಐದು ವರ್ಷ. ಮನೇಲಿ ಆಗಲೇ ಒಂದು ಪದ್ಮಿನಿ ಇದೆ, ದಿನಾ ಬೆಳಿಗ್ಗೆ ಅದರಲ್ಲೇ ಹಾಲು ತರೋದಂತೆ. "ಅವನ ಹತ್ರ ಟೈಮ್ ಇದೆ" ಅಂದ್ರು ಅಪ್ಪ. ರೇಟಿನ ಮಾತೇ ಬರಲಿಲ್ಲ.

ಅವರು ಬರೋ ಹಿಂದಿನ ದಿನ ಶನಿವಾರ. ಭಾಯ್‌ನ ಮನೆಗೇ ಕರೆಸಿದೆ. ನಾಲ್ಕೂ ಚಕ್ರದ ಗಾಳಿ ಇನ್ನೊಂದು ಸಲ ತೆಗೆಯೋಣ ಅಂದೆ. ಪರವಾಗಿಲ್ಲ ಇದೆ ಸಾರ್, ಬೇಕಾಗಿಲ್ಲ ಅಂದ್ರು. ತೆಗೀರಿ ಅಂದೆ. ನಾನು ಒಳಗೆ ಕೂತು ಪೆಡಲ್ ಒತ್ತೋದು, ಅವರು ಚಕ್ರದ ಹತ್ರ ಕೂಗೋದು. "ಒತ್ತಿ... ಹಿಡ್ಕೊಳಿ... ಹಾಂ ಬಿಡಿ." ಮನೆಯೊಳಗೆ ಎರಡು ಸಲ ಫೋನ್ ರಿಂಗಾಯ್ತು. ಮುಕ್ಕಾಲು ಗಂಟೆ ಹಿಡೀತು.

ಭಾನುವಾರ ಬೆಳಿಗ್ಗೆ ಅಪ್ಪ ಅವರ ಸ್ನೇಹಿತರಿಗೆ ಚೋಕ್ ಎಷ್ಟು ಎಳೀಬೇಕು, ಯಾವ ಬಾಗಿಲನ್ನ ಸ್ವಲ್ಪ ಎತ್ತಿ ಹಾಕಬೇಕು ಅಂತೆಲ್ಲ ತೋರಿಸಿದ್ರು. ಆಮೇಲೆ ಡ್ರೈವರ್ ಸೀಟಿನಲ್ಲಿ ತಾವೇ ಕೂತು ಬ್ರೇಕ್ ಒತ್ತಿ ನೋಡಿದ್ರು. ಒಂದೇ ಸಲ. ಇಳಿದು ಬೀಗದಕೈ ಕೊಟ್ಟರು. ನಾನು ಒಳಗಿಂದ ಉಳಿದಿದ್ದ ವೀಲ್ ಸಿಲಿಂಡರ್ ಕಿಟ್ ಎರಡನ್ನೂ ತಂದು ಡಿಕ್ಕಿಯಲ್ಲಿಟ್ಟೆ.